ಚೆಪ್ಪುಡಿರ ಪೂಣಚ್ಚನವರ ಚರಿತ್ರೆ

ಅಧಿಕಾರದಲ್ಲಿರುವವರಿಗೋಸ್ಕರ ನಾವು ಆದಿತ್ಯವಾರ ತಪ್ಪದೆ ಪ್ರಾರ್ಥಿಸುತ್ತೇವೆ. ಅವರು ಹೇಗೆ ನಡೆದರೆಂಬುದನ್ನೋ ಅಪರೂಪವಾಗಿ ವಿಚಾರಿಸುತ್ತೇವೆ. ಆದಕಾರಣ, ಪ್ರಿಯ ವಾಚಕರೇ, ನಮ್ಮ ಕೊಡಗಿನ ರಾಜ್ಯಭಾರವನ್ನೇ ನಡಿಸಿದ ಒಬ್ಬರ ವೃತ್ತಾಂತವನ್ನು ಈ ತಿಂಗಳು ಬರೆಯುತ್ತೇವೆ. ಅವರು ನಮ್ಮ ಸಭೆಗೆ ಸೇರಿದವರಲ್ಲ. ಆದರೂ ತನ್ನ ಪದವಿಯೇ ಇಲ್ಲದೆ ಹೋಗುವ ಕಾರ್ಯಕ್ಕೆ ತಾನೇ ಕೈಯಿಕ್ಕಿದ ಮನುಷ್ಯನ ಚರಿತ್ರೆಯು, ಸ್ನಾನಿಕನಾದ ಯೋಹಾನನನ್ನು ಬಲ್ಲ ನಮಗೆ ಅನ್ಯವಾಗಿ ತೋರಲಾರದು.

ಸಿ. ಎಂ. ಪೂಣಚ್ಚನವರು 1910ನೆಯ ಸೆಪ್ಟೆಂಬರ್ 26ರಲ್ಲಿ ಹುಟ್ಟಿದರು. ಯೌವನದಲ್ಲಿಯೇ ಗಾಂಧಿಯವರ ಸತ್ಯಾಗ್ರಹಕ್ಕೆ ಸೇರಿ, 1932ರಲ್ಲಿಯೂ 1933ರಲ್ಲಿಯೂ ಸೆರೆಮನೆಯನ್ನು ಕಂಡು, ಮುಂದಿನ ಚಳವಳಿಗಳಲ್ಲಿಯೂ ಬಂಧನವನ್ನು ಅನುಭವಿಸಿದರು. ಭಾರತದ ಸಂವಿಧಾನವನ್ನು ರಚಿಸಿದ ಸಭೆಯಲ್ಲಿ ಕೊಡಗಿನ ಪ್ರತಿನಿಧಿಯಾಗಿದ್ದವರು ಇವರೇ.

1834ರಲ್ಲಿ ಅರಸನನ್ನು ಕಳಕೊಂಡ ನಮ್ಮ ನಾಡಿಗೆ 1952ರಲ್ಲಿ ಸ್ವಂತ ಶಾಸನಸಭೆ ಬಂತು. ಸದಸ್ಯರು 24 ಮಂದಿ, ಮಂತ್ರಿಗಳು ಇಬ್ಬರೇ: ಪೂಣಚ್ಚನವರು ಮುಖ್ಯಮಂತ್ರಿ, ಕುಟ್ಟೂರು ಮಲ್ಲಪ್ಪನವರು ಮತ್ತೊಬ್ಬರು. ಆ ಚುನಾವಣೆಯಲ್ಲಿ ಜನರ ಮುಂದಿದ್ದ ಪ್ರಶ್ನೆಯು ಸಣ್ಣದಲ್ಲ. ಕೊಡಗು ಮೈಸೂರಿನೊಂದಿಗೆ ಕೂಡಬೇಕೋ, ಬೇರೆಯಾಗಿಯೇ ಉಳಿಯಬೇಕೋ ಎಂಬುದು. ಕೂಡಬೇಕೆಂದವರಿಗೆ ಪೂಣಚ್ಚನವರು ಮುಂದಾಳು. ಬೇಡವೆಂದ ತಕ್ಕಡಿ ಪಕ್ಷಕ್ಕೆ ಪಂದ್ಯಂಡ ಬೆಳ್ಳಿಯಪ್ಪನವರು. ಇವರಾದರೋ ಗಾಂಧಿಯವರನ್ನೇ ಹಿಂಬಾಲಿಸಿದವರು, ಇವರೂ ಸೆರೆಮನೆಯನ್ನು ಕಂಡವರು! ಒಂದೇ ದಾರಿಯಲ್ಲಿ ನಡೆದ ಇಬ್ಬರು ಹೀಗೆ ಎದುರುಬದುರಾಗಿ ನಿಂತದ್ದು ಎಷ್ಟೋ ಮನೆಗಳನ್ನು ಇಬ್ಭಾಗ ಮಾಡಿರಬೇಕು. ಐನ್‌ಮನೆಯನ್ನು ಬಿಟ್ಟು ಬಂದವರ ಮಕ್ಕಳು ನಮ್ಮಲ್ಲಿಯೂ ಇದ್ದಾರೆ; ತನ್ನದೆಂಬುದನ್ನು ಬಿಡುವ ಸಂಕಟವನ್ನು ಅವರಿಗೆ ವಿವರಿಸಬೇಕಾಗಿಲ್ಲ.

ಕಾಂಗ್ರೆಸ್ಸಿಗೆ 15 ಸ್ಥಾನಗಳು ಬಂದವು. ರಾಜ್ಯಗಳ ಪುನರ್ವಿಂಗಡಣೆಯ ಆಯೋಗವು 1955ರಲ್ಲಿ ಐಕ್ಯವೇ ತಕ್ಕದ್ದೆಂದು ತಿಳಿಸಲಾಗಿ, 1956ನೆಯ ನವೆಂಬರ್ 1ರಲ್ಲಿ ಕೊಡಗು ಮೈಸೂರಿಗೆ ಸೇರಿತು. ಪೂಣಚ್ಚನವರ ಮುಖ್ಯಮಂತ್ರಿತನವು ಅದರ ಹಿಂದಿನ ದಿನದೊಂದಿಗೆ ಮುಗಿಯಿತು. ಅವರ ತರುವಾಯ ಆ ಪದವಿಗೆ ಯಾರೂ ಬರಲಿಲ್ಲ, ಪದವಿಯೇ ಉಳಿದಿರಲಿಲ್ಲ.

ಮುಂದೆ ಇದಕ್ಕಿಂತ ದೊಡ್ಡ ಪದವಿಗಳು ದೊರೆತವಲ್ಲಾ, ಅವರು ಕಳಕೊಂಡದ್ದೇನು ಎಂದು ಕೆಲವರು ಕೇಳಬಹುದು. ಮಾತು ನಿಜವೇ. ಆದರೆ 1952ರಲ್ಲಿ ಜನರ ಮುಂದೆ ನಿಂತಾಗ ಅವನ್ನು ಯಾರೂ ಅವರಿಗೆ ಬರೆದುಕೊಟ್ಟಿರಲಿಲ್ಲವೆಂಬುದನ್ನು ನಾವು ಮರೆಯಬಾರದು. ಹೊಸ ಮೈಸೂರು ರಾಜ್ಯದಲ್ಲಿ ಅವರು ಮಂತ್ರಿಯಾದರು; 1967ರಲ್ಲಿ ಮಂಗಳೂರಿನಿಂದ ಲೋಕಸಭೆಗೆ ಆಯ್ಕೆಯಾಗಿ, 1969ರ ವರೆಗೆ ದೇಶದ ರೈಲ್ವೇ ಮಂತ್ರಿಯಾಗಿದ್ದರು. ರೈಲುಗಾಡಿಯನ್ನು ಕಾಣಬೇಕಾದರೆ ಘಟ್ಟ ಇಳಿದು ಮಂಗಳೂರಿಗೋ, ಇಲ್ಲವೆ ಮೈಸೂರಿಗೋ ಹೋಗಬೇಕಾದ ನಾಡಿನವರಿಗೆ ಇಡೀ ಭಾರತದ ರೈಲುಗಳು! ನಮ್ಮ ಹಳ್ಳಿಗಳಲ್ಲಿ ಇದನ್ನು ಹೇಳಿ ನಕ್ಕವರುಂಟು. ಆಮೇಲೆ 1978ರಿಂದ ಮಧ್ಯಪ್ರದೇಶಕ್ಕೂ, 1980ರಿಂದ 1983ರ ವರೆಗೆ ಒರಿಸ್ಸಾಕ್ಕೂ ರಾಜ್ಯಪಾಲರಾಗಿದ್ದರು.

ಐಕ್ಯವು ಒಳ್ಳೆಯದಾಯಿತೋ ಇಲ್ಲವೋ ಎಂಬ ವಾದವು ಕೊಡಗಿನಲ್ಲಿ ಅವರ ಜೀವಮಾನದಲ್ಲಿ ಮುಗಿಯಲಿಲ್ಲ. 1990ನೆಯ ಆಗಸ್ಟ್ 7ರಲ್ಲಿ, ತಮ್ಮ 80ನೆಯ ವರ್ಷದಲ್ಲಿ, ಅವರು ತೀರಿಹೋದರು.