ಬೇಡ ಎಂದ ಆಟಗಾರ: ಹೋನಸ್ ವ್ಯಾಗ್ನರ್

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಏನಾದರೂ ಬರೆದು ಕೊಡು ಎಂದು ನಮ್ಮ ಗುರುಗಳು ಹೇಳಿದಾಗ, ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನಾನು ಕಂಪ್ಯೂಟರ್ ಬಗ್ಗೆಯೇ ಬರೆಯುತ್ತೇನೆಂದು ಗೆಳೆಯರು ಅಂದುಕೊಂಡಿದ್ದರು. ನನಗೆ ಮಾತ್ರ ಅಮೆರಿಕದ ಒಬ್ಬ ಆಟಗಾರರ ಜೀವನವನ್ನು ನಮ್ಮ ಊರಿನವರಿಗೆ ಹೇಳಬೇಕೆನಿಸಿತು. ಅವರ ಹೆಸರು ಹೋನಸ್ ವ್ಯಾಗ್ನರ್. ಆಡಿದ್ದು ಬೇಸ್‌ಬಾಲ್. ತೀರಿಕೊಂಡು ಹಲವು ದಶಕಗಳಾದರೂ ಅವರ ಚಿತ್ರವಿರುವ ಒಂದು ಚಿಕ್ಕ ಕಾರ್ಡಿನಿಂದಾಗಿ ಜಗತ್ತು ಅವರನ್ನು ಮರೆತಿಲ್ಲ.

ವ್ಯಾಗ್ನರ್ ಹುಟ್ಟಿದ್ದು 1874ರ ಫೆಬ್ರವರಿ 24ರಂದು, ಪೆನ್ಸಿಲ್ವೇನಿಯಾ ರಾಜ್ಯದ ಪಿಟ್ಸ್‌ಬರ್ಗ್ ನಗರದ ಹತ್ತಿರ. ಇವತ್ತು ಆ ಊರಿಗೆ ಕಾರ್ನೆಗಿ ಎಂದು ಹೆಸರು. ತಂದೆ ತಾಯಿ ಜರ್ಮನಿಯಿಂದ ಬಂದವರು. ಒಂಬತ್ತು ಮಕ್ಕಳ ಬಡ ಸಂಸಾರ, ತಂದೆಗೆ ಕಲ್ಲಿದ್ದಲು ಗಣಿಯಲ್ಲಿ ಕೂಲಿ. 12ನೇ ವಯಸ್ಸಿಗೆ ಹುಡುಗ ಶಾಲೆ ಬಿಟ್ಟು ತಂದೆ ಮತ್ತು ಅಣ್ಣಂದಿರ ಜೊತೆ ಗಣಿಗೆ ಇಳಿದ. ಮನೆಯ ಕಷ್ಟಕ್ಕೆ ಶಾಲೆ ಬಿಟ್ಟು ಕೂಲಿಗೆ ಹೋದವರು ನಮ್ಮ ಊರಿನಲ್ಲೂ ಇದ್ದಾರೆ. ಆ ವಯಸ್ಸಿನ ದುಡಿಮೆ ಎಂದರೇನೆಂದು ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಗಣಿಯ ಕೆಲಸದ ನಡುವೆ ಬಿಡುವು ಸಿಕ್ಕಾಗಲೆಲ್ಲ ಅಣ್ಣತಮ್ಮಂದಿರು ಬೇಸ್‌ಬಾಲ್ ಆಡುತ್ತಿದ್ದರು. ಅಣ್ಣ ಆಲ್ಬರ್ಟ್ ಒಳ್ಳೆಯ ಆಟಗಾರ. ಅವನೇ ತಮ್ಮನಿಗೂ ತಂಡದಲ್ಲಿ ಜಾಗ ಕೊಡಿಸಿದ. 1895ರಲ್ಲಿ ಸಣ್ಣ ತಂಡಗಳಲ್ಲಿ ಸಂಬಳಕ್ಕೆ ಆಡಲು ಶುರುಮಾಡಿದ ವ್ಯಾಗ್ನರ್ 1897ರಲ್ಲಿ ಲೂಯಿವಿಲ್ ತಂಡದ ಮೂಲಕ ನ್ಯಾಷನಲ್ ಲೀಗ್ ಸೇರಿದರು. 1900ರಲ್ಲಿ ತಮ್ಮದೇ ಸೀಮೆಯ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡಕ್ಕೆ ಬಂದು, 1917ರವರೆಗೆ ಅಲ್ಲಿಯೇ ಆಡಿದರು. ಹೊಸದಾಗಿ ಹುಟ್ಟಿದ ಇನ್ನೊಂದು ಲೀಗ್ ಹೆಚ್ಚು ಹಣದ ಆಸೆ ತೋರಿಸಿದಾಗಲೂ ಅವರು ಪಿಟ್ಸ್‌ಬರ್ಗ್ ಬಿಡಲಿಲ್ಲ.

ಕ್ರಿಕೆಟ್ ನೋಡುವ ನಮಗೆ ಬೇಸ್‌ಬಾಲಿನ ಲೆಕ್ಕ ಸ್ವಲ್ಪ ವಿಚಿತ್ರ. ಅಲ್ಲಿ ಹತ್ತು ಸಲ ಬ್ಯಾಟ್ ಹಿಡಿದು ಮೂರು ಸಲ ಸರಿಯಾದ ಹೊಡೆತ ಹೊಡೆದು ಬೇಸ್ ಮುಟ್ಟಿದರೆ ಅವನು ದೊಡ್ಡ ಆಟಗಾರ. ಏಳು ಸಲ ಸೋತರೂ ಚಿಂತೆಯಿಲ್ಲ! ವ್ಯಾಗ್ನರ್ ಅವರ 21 ವರ್ಷಗಳ ಒಟ್ಟು ಸರಾಸರಿ ಈ ಮಟ್ಟಕ್ಕಿಂತ ಮೇಲಿತ್ತು. ಲೀಗಿನ ಅತ್ಯುತ್ತಮ ಬ್ಯಾಟಿಂಗ್ ಸರಾಸರಿಯ ಗೌರವ ಎಂಟು ಸಲ ಅವರದಾಯಿತು. ಒಟ್ಟು ಹೊಡೆತಗಳು 3,400ಕ್ಕೂ ಹೆಚ್ಚು. ಎದುರಾಳಿಗಳ ಕಣ್ಣು ತಪ್ಪಿಸಿ ಮುಂದಿನ ಬೇಸಿಗೆ ಓಡಿದ್ದು 700ಕ್ಕೂ ಹೆಚ್ಚು ಸಲ.

ನೋಡಲು ಅವರು ಓಟಗಾರನ ಹಾಗೆ ಇರಲಿಲ್ಲ. ಸೊಟ್ಟ ಕಾಲು, ಅಗಲವಾದ ಎದೆ, ಉದ್ದ ತೋಳು, ದೊಡ್ಡ ಕೈ. ಎರಡನೆಯ ಮತ್ತು ಮೂರನೆಯ ಬೇಸ್‌ಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಅವರ ಜಾಗ. ಚೆಂಡು ಹೆಚ್ಚಾಗಿ ಬರುವುದೇ ಆ ಕಡೆಗೆ. ನೆಲದ ಮೇಲಿನ ಚೆಂಡನ್ನು ಎತ್ತಿ ಎಸೆದರೆ ಅದರ ಜೊತೆ ಮಣ್ಣು, ಕಲ್ಲೂ ಹಾರಿ ಹೋಗುತ್ತಿದ್ದವಂತೆ. ಆ ವೇಗಕ್ಕೆ ಜನ ಅವರನ್ನು ಫ್ಲೈಯಿಂಗ್ ಡಚ್‌ಮನ್ ಎಂದು ಕರೆದರು.

ಸೋಲೂ ಅವರನ್ನು ಬಿಡಲಿಲ್ಲ. 1903ರಲ್ಲಿ ಮೊದಲ ವಿಶ್ವ ಸರಣಿ ನಡೆದಾಗ ಪೈರೇಟ್ಸ್ ತಂಡ ಬಾಸ್ಟನ್ ತಂಡಕ್ಕೆ ಸೋತಿತು. ವ್ಯಾಗ್ನರ್ ಆಟ ತೀರ ಸಪ್ಪೆಯಾಗಿತ್ತು. ಸರಣಿಯ ಕೊನೆಯ ಔಟ್ ಕೂಡ ಅವರದೇ. ಆರು ವರ್ಷ ಕಾದು, 1909ರಲ್ಲಿ ಡೆಟ್ರಾಯಿಟ್ ತಂಡದ ಎದುರು ಮತ್ತೆ ಅವಕಾಶ ಬಂತು. ಆ ತಂಡದಲ್ಲಿ ಆ ಕಾಲದ ಇನ್ನೊಬ್ಬ ದೊಡ್ಡ ಆಟಗಾರ ಟೈ ಕಾಬ್ ಇದ್ದರು. ಈ ಸಲ ವ್ಯಾಗ್ನರ್ ಕಾಬ್‌ಗಿಂತ ಚೆನ್ನಾಗಿ ಆಡಿದರು, ಪೈರೇಟ್ಸ್ 4-3ರಿಂದ ಸರಣಿ ಗೆದ್ದಿತು.

ಕಾರ್ಡಿನ ಕಥೆ ಶುರುವಾಗುವುದೂ ಅದೇ 1909ರಲ್ಲಿ. ಆಗ ಅಮೆರಿಕನ್ ಟೊಬ್ಯಾಕೊ ಕಂಪನಿ ತನ್ನ ಸಿಗರೇಟು ಪ್ಯಾಕುಗಳ ಒಳಗೆ ಆಟಗಾರರ ಬಣ್ಣದ ಚಿತ್ರಗಳ ಕಾರ್ಡು ಇಡುತ್ತಿತ್ತು. ಪ್ಯಾಕು ಮುದುರದಂತೆ ಗಟ್ಟಿಯಾಗಿ ನಿಲ್ಲುವುದಕ್ಕೂ ಅದು ಬೇಕು, ಗಿರಾಕಿಗಳನ್ನು ಸೆಳೆಯುವುದಕ್ಕೂ ಬೇಕು. ನಾವು ಚಿಕ್ಕವರಿದ್ದಾಗ ಬೆಂಕಿಪೊಟ್ಟಣದ ಚಿತ್ರ, ಬಬಲ್‌ಗಮ್ ಜೊತೆ ಬರುವ ಕಾರ್ಡುಗಳನ್ನು ಕೂಡಿಡುತ್ತಿದ್ದೆವಲ್ಲ, ಅಲ್ಲಿನ ಹುಡುಗರೂ ಹಾಗೆಯೇ ಈ ಕಾರ್ಡುಗಳ ಹಿಂದೆ ಬಿದ್ದಿದ್ದರು.

ಕಂಪನಿ ವ್ಯಾಗ್ನರ್ ಚಿತ್ರಕ್ಕೂ ಒಪ್ಪಿಗೆ ಕೇಳಿತು. ಒಪ್ಪಿಗೆ ಪಡೆದುಕೊಟ್ಟರೆ 10 ಡಾಲರ್ ಕೊಡುವುದಾಗಿ ಪಿಟ್ಸ್‌ಬರ್ಗಿನ ಪತ್ರಕರ್ತ ಜಾನ್ ಗ್ರೂಬರ್ ಅವರಿಗೆ ಹೇಳಿತ್ತು. ವ್ಯಾಗ್ನರ್ ಆಗುವುದಿಲ್ಲ ಎಂದರು. ತಮ್ಮಿಂದಾಗಿ ಗ್ರೂಬರ್‌ಗೆ ನಷ್ಟವಾಗಬಾರದೆಂದು ಆ 10 ಡಾಲರಿನ ಚೆಕ್ಕನ್ನು ತಾವೇ ಕಳಿಸಿದರು ಎಂದು 1912ರಲ್ಲಿ ಪತ್ರಿಕೆಯಲ್ಲಿ ವರದಿಯಾಗಿತ್ತು. ಕಂಪನಿ ಅವರ ಕಾರ್ಡಿನ ಮುದ್ರಣ ನಿಲ್ಲಿಸಿತು. ಅಷ್ಟರಲ್ಲಿ ಹೊರಗೆ ಹೋಗಿದ್ದ ಸ್ವಲ್ಪವೇ ಕಾರ್ಡುಗಳಲ್ಲಿ ಇವತ್ತಿಗೆ ಗೊತ್ತಿರುವವು ಸುಮಾರು 60.

ಯಾಕೆ ಬೇಡವೆಂದರು? ತನ್ನ ಮುಖದ ಆಸೆಗೆ ಮಕ್ಕಳು ಸಿಗರೇಟು ಕೊಳ್ಳುವುದು ಅವರಿಗೆ ಇಷ್ಟವಿರಲಿಲ್ಲ ಎಂಬುದು ಹೆಚ್ಚು ಜನ ನಂಬಿರುವ ಕಾರಣ. ಅವರೇ ತಂಬಾಕು ಜಗಿಯುತ್ತಿದ್ದರು, ಹಿಂದೆ ಸಿಗಾರಿಗೂ ಅವರ ಹೆಸರು ಬಳಕೆಯಾಗಿತ್ತು, ಹಾಗಾಗಿ ಇದು ಹಣದ ವಿಷಯ ಎನ್ನುವವರೂ ಇದ್ದಾರೆ. ನನಗೆ ಕಾಣುವುದು ಹೀಗೆ: ದುಡ್ಡು ಬೇಕಿದ್ದವರು ತಮ್ಮ ಕೈಯಿಂದ 10 ಡಾಲರ್ ಕಳಿಸುತ್ತಿರಲಿಲ್ಲ. ಅದಕ್ಕೂ ಮೊದಲು, 1905ರಲ್ಲಿ, ಲೂಯಿವಿಲ್‌ನ ಬ್ಯಾಟ್ ತಯಾರಕರಿಗೆ ತಮ್ಮ ಸಹಿಯನ್ನು ಬ್ಯಾಟಿನ ಮೇಲೆ ಹಾಕಲು ಅವರು ಒಪ್ಪಿಗೆ ಕೊಟ್ಟಿದ್ದರು. ಆಟಗಾರನೊಬ್ಬ ಹಾಗೆ ಒಪ್ಪಂದ ಮಾಡಿಕೊಂಡದ್ದು ಅದೇ ಮೊದಲು. ಹುಡುಗರ ಕೈಗೆ ಬರುವ ಬ್ಯಾಟಿಗೆ ಹೆಸರು ಕೊಟ್ಟರು, ಸಿಗರೇಟಿಗೆ ಕೊಡಲಿಲ್ಲ. ತಾವೇ ಬಿಡಲಾಗದ ಚಟ ಮಕ್ಕಳಿಗೆ ಅಂಟದಿರಲಿ ಎಂದು ಬಯಸುವ ಹಿರಿಯರು ನಮ್ಮ ಮನೆಗಳಲ್ಲೂ ಇದ್ದಾರಲ್ಲವೇ?

ಆಟ ಬಿಟ್ಟ ಮೇಲೆ ವ್ಯಾಗ್ನರ್ ಕ್ರೀಡಾ ಸಾಮಗ್ರಿಯ ಅಂಗಡಿ ನಡೆಸಿದರು, ಕಾಲೇಜು ಹುಡುಗರಿಗೆ ಆಟ ಕಲಿಸಿದರು. 1933ರಲ್ಲಿ, ಅರವತ್ತರ ಹೊಸ್ತಿಲಲ್ಲಿ, ತರಬೇತುದಾರರಾಗಿ ಪೈರೇಟ್ಸ್ ತಂಡಕ್ಕೆ ಮರಳಿ ಸುಮಾರು ಎರಡು ದಶಕ ಎಳೆಯ ಆಟಗಾರರನ್ನು ತಿದ್ದಿದರು. 1936ರಲ್ಲಿ ಬೇಸ್‌ಬಾಲಿನ ಹಾಲ್ ಆಫ್ ಫೇಮ್‌ಗೆ ಮೊದಲ ಸಲ ಆರಿಸಿದ ಐವರಲ್ಲಿ ಅವರೂ ಒಬ್ಬರು. 1955ರಲ್ಲಿ ಪಿಟ್ಸ್‌ಬರ್ಗಿನಲ್ಲಿ ಅವರ ಪ್ರತಿಮೆ ನಿಲ್ಲಿಸಿದರು. ಅದೇ ವರ್ಷ ಡಿಸೆಂಬರ್ 6ರಂದು ಕಾರ್ನೆಗಿಯಲ್ಲಿ ಅವರು ತೀರಿಕೊಂಡರು.

2022ರಲ್ಲಿ ಆ ಕಾರ್ಡಿನ ಒಂದು ಪ್ರತಿ 72.5 ಲಕ್ಷ ಡಾಲರಿಗೆ, ಅಂದರೆ ನಮ್ಮ 50 ಕೋಟಿ ರೂಪಾಯಿಗೂ ಹೆಚ್ಚಿಗೆ ಮಾರಾಟವಾಯಿತು. ಇನ್ನೊಂದು ಹೆಸರಾಂತ ಪ್ರತಿಯ ಅಂಚು ಕತ್ತರಿಸಿ ಚೆಂದಗಾಣಿಸಿದ್ದಾಗಿ ವ್ಯಾಪಾರಿಯೊಬ್ಬರು 2013ರಲ್ಲಿ ಒಪ್ಪಿಕೊಂಡರು. ಹಣ ಬಂದಲ್ಲಿ ಮೋಸವೂ ಬರುತ್ತದೆ. ಆದರೆ ಆ ಕಾಗದಕ್ಕೆ ಬೆಲೆ ತಂದುಕೊಟ್ಟದ್ದು ಒಬ್ಬ ಮನುಷ್ಯ ಹೇಳಿದ ‘ಬೇಡ’ ಎಂಬ ಮಾತು.

ನನ್ನ ಕೆಲಸದಲ್ಲಿ ದಿನವೂ ನೋಡುತ್ತೇನೆ, ಮೊಬೈಲ್ ಏನು ಕೇಳಿದರೂ ಜನ ಓದದೆಯೇ ಒಪ್ಪಿಗೆ ಒತ್ತುತ್ತಾರೆ. ಶಾಲೆಗಳ 100 ಗಜದೊಳಗೆ ತಂಬಾಕು ಮಾರಬಾರದೆಂದು 2003ರಲ್ಲಿಯೇ ನಮ್ಮ ದೇಶದಲ್ಲಿ ಕಾನೂನು ಬಂದಿದೆ. ಆದರೂ ಗುಟ್ಕಾ ಚೀಟಿ ಹಿಡಿದು ಗೆಳೆಯನೇ ಕರೆದಾಗ, ಬೇಡ ಎನ್ನಬೇಕಾದವನು ಆ ಹುಡುಗನೇ. ವಿದ್ಯಾರ್ಥಿ ಮಿತ್ರರೇ, ವ್ಯಾಗ್ನರ್ ಅವರಿಗೆ 12ನೇ ವಯಸ್ಸಿಗೆ ತಪ್ಪಿದ ಶಾಲೆ ನಿಮಗೆ ಸಿಕ್ಕಿದೆ. ಇಲ್ಲಿ ಕಲಿಯುವ ಲೆಕ್ಕ, ವಿಜ್ಞಾನಗಳ ಜೊತೆ ಆ ಒಂದು ಮಾತನ್ನೂ ಕಲಿಯಿರಿ.