ಬಂದೂಕು ಕಂಡುಹಿಡಿದದ್ದು ಪಾದ್ರಿಯೇ? ಕೇಪು ಕೊಟ್ಟ ಅಲೆಕ್ಸಾಂಡರ್ ಫೋರ್ಸೈತ್ ಅವರ ನಿಜ ಕಥೆ

ದೀಪಾವಳಿಗೆ ಮಕ್ಕಳ ಪಿಸ್ತೂಲಿಗೆ ಹಾಕುವ ಕೆಂಪು ರೀಲು ನಿಮಗೂ ನೆನಪಿರಬೇಕು. ಪಿಸ್ತೂಲು ಕೆಟ್ಟುಹೋದರೆ ಆ ರೀಲನ್ನು ಜಗಲಿಯ ಮೇಲಿಟ್ಟು ಕಲ್ಲಿನಿಂದ ಕುಟ್ಟಿದವರಲ್ಲಿ ನಾವೂ ಇದ್ದೇವೆ. ಬೆಂಕಿಕಡ್ಡಿ ಬೇಡ, ಊದುಬತ್ತಿ ಬೇಡ, ಬರೀ ಏಟಿಗೆ ಪಟ್ ಅನ್ನುತ್ತದೆ. ಕಿಡಿಯಿಲ್ಲದೆ ಏಟಿನಿಂದಲೇ ಬೆಂಕಿ ಹುಟ್ಟಿಸುವ ಈ ಉಪಾಯವನ್ನು ಬಂದೂಕಿಗೆ ತಂದವರು ಸ್ಕಾಟ್ಲೆಂಡಿನ ಒಂದು ಹಳ್ಳಿಯ ಪಾದ್ರಿ. ಬಂದೂಕು ಕಂಡುಹಿಡಿದದ್ದೇ ಪಾದ್ರಿ ಎಂಬ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೆ ಬಂದರೆ ಮಾತ್ರ ಅದನ್ನು ನಂಬಬೇಡಿ. ಅವರು ಹುಟ್ಟುವ ಹೊತ್ತಿಗೆ ಬಂದೂಕು ಬಂದು ಶತಮಾನಗಳೇ ಕಳೆದಿದ್ದವು.

ಕೇಪು ಎಂದರೇನು?

ಇವತ್ತಿನ ಕಾರ್ತೂಸನ್ನು ತಿರುಗಿಸಿ ನೋಡಿದರೆ ಹಿಂಬದಿಯ ನಡುವೆ ಒಂದು ಪುಟ್ಟ ಲೋಹದ ಬಿಲ್ಲೆ ಕಾಣುತ್ತದೆ. ಅದು ಕೇಪು, ಇಂಗ್ಲಿಷಿನಲ್ಲಿ ಪ್ರೈಮರ್. ಸಿನಿಮಾ ನೋಡಿದವರಿಗೆ ಗುಂಡೇ ಸಿಡಿಯುತ್ತದೆ ಅನ್ನಿಸುತ್ತದೆ. ಸಾಮಾನ್ಯ ಗುಂಡು ಬರೀ ಸೀಸ, ತಾಮ್ರದ ತುಂಡು. ಅದು ಸಿಡಿಯುವುದಿಲ್ಲ. ಸೂಜಿಯಂಥ ಕಡ್ಡಿ ಕೇಪಿಗೆ ಬಡಿಯುತ್ತದೆ, ಕೇಪು ಸಿಡಿದು ಖೋಲಿನೊಳಗಿನ ಮದ್ದಿಗೆ ಬೆಂಕಿ ತಗುಲುತ್ತದೆ, ಮದ್ದು ಉರಿದ ಅನಿಲ ಗುಂಡನ್ನು ದೂಡುತ್ತದೆ.

ಅಮೆರಿಕದಲ್ಲಿ ಹವ್ಯಾಸಕ್ಕೆ ಗುರಿ ಹೊಡೆಯುವವರು ಖಾಲಿ ಖೋಲುಗಳನ್ನು ಮನೆಯಲ್ಲೇ ಮತ್ತೆ ತುಂಬಿಕೊಳ್ಳುತ್ತಾರೆ. ಹೊಸ ಕೇಪು ಕೂರಿಸಲು ದೊಡ್ಡ ಪ್ರೆಸ್ ಇದ್ದರೂ ಅನೇಕರು ಇಕ್ಕಳದಂತೆ ಅಂಗೈಯಲ್ಲಿ ಹಿಡಿದು ಒತ್ತುವ ಚಿಕ್ಕ ಉಪಕರಣವನ್ನೇ ಆರಿಸಿಕೊಳ್ಳುವುದಕ್ಕೆ ಕಾರಣವಿದೆ. ಕೇಪು ತಳ ಮುಟ್ಟಿದ್ದು ಬೆರಳಿಗೇ ತಿಳಿಯುತ್ತದೆ. ಅದು ಮೇಲೆದ್ದು ಕೂತಿದ್ದರೆ ಏಟಿನ ಬಲವೆಲ್ಲ ಅದನ್ನು ಒಳಗೆ ತಳ್ಳುವುದರಲ್ಲೇ ಕಳೆದು ಠುಸ್ ಆಗಬಹುದು. ಇನ್ನೊಂದು ವಿಷಯವನ್ನೂ ಅವರು ನೋಡುತ್ತಾರೆ. ತಟ್ಟೆಯಲ್ಲಿ ಹತ್ತಾರು ಕೇಪು ಒಟ್ಟಿಗಿರುತ್ತವೆ. ಒಂದು ಸಿಡಿದರೆ ಉಳಿದವೂ ಸಿಡಿಯಬಹುದು. ಹಾಗಾಗಿ ತಟ್ಟೆಗೂ ಒತ್ತುವ ಜಾಗಕ್ಕೂ ನಡುವೆ ತಡೆ ಇರುವ ಉಪಕರಣ ಒಳ್ಳೆಯದು, ಕಣ್ಣಿಗೆ ಕನ್ನಡಕವಂತೂ ಬೇಕೇ ಬೇಕು. (ನಮ್ಮಲ್ಲಿ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ವಿಡಿಯೋ ನೋಡಿ ಕೈ ಹಾಕಬೇಡಿ.)

ಇಷ್ಟು ಚಿಕ್ಕ ವಸ್ತುವಿನ ಮೂಲ ಹುಡುಕಿದರೆ ಸಿಗುವುದು ಒಬ್ಬ ಬೇಟೆ ಪ್ರಿಯ ಪಾದ್ರಿಯ ಬೇಸರ.

ಹಕ್ಕಿಗಳು ಮೊದಲೇ ಹಾರಿಹೋಗುತ್ತಿದ್ದವು

ಅಲೆಕ್ಸಾಂಡರ್ ಜಾನ್ ಫೋರ್ಸೈತ್ ಹುಟ್ಟಿದ್ದು 1768ರ ಡಿಸೆಂಬರ್ 28ರಂದು, ಅಬರ್ಡೀನ್ ಸಮೀಪದ ಬೆಲ್‌ಹೆಲ್ವಿಯಲ್ಲಿ. ತಂದೆ ಅಲ್ಲಿಯ ಚರ್ಚಿನ ಪಾದ್ರಿ. ಅಬರ್ಡೀನಿನ ಕಿಂಗ್ಸ್ ಕಾಲೇಜಿನಲ್ಲಿ ಓದಿದ ಮಗ, ತಂದೆ ತೀರಿಕೊಂಡ ಮೇಲೆ 1791ರಲ್ಲಿ ಅದೇ ಚರ್ಚಿಗೆ ಬಂದರು. ಸಾಯುವವರೆಗೂ, ಅಂದರೆ 52 ವರ್ಷ, ಅಲ್ಲಿಯ ಪಾದ್ರಿಯಾಗಿಯೇ ಇದ್ದರು.

ಬಿಡುವಿನಲ್ಲಿ ಅವರಿಗೆ ಎರಡು ಹುಚ್ಚು: ರಸಾಯನಶಾಸ್ತ್ರ, ನೀರುಹಕ್ಕಿಗಳ ಬೇಟೆ. ಆಗಿನದು ಚಕಮಕಿ ಕೋವಿ. ಕುದುರೆ ಎಳೆದರೆ ಚಕಮಕಿ ಕಲ್ಲು ಉಕ್ಕಿನ ಪಟ್ಟಿಗೆ ಉಜ್ಜಿ ಕಿಡಿ ಹಾರುತ್ತದೆ, ಕಿಡಿ ಹೊರಗಿನ ಪುಟ್ಟ ಬಾಣಲೆಯ ಮದ್ದಿಗೆ ಬೀಳುತ್ತದೆ, ಆ ಉರಿ ಸಣ್ಣ ತೂತಿನಿಂದ ನಳಿಗೆಯೊಳಗೆ ಹೋಗುತ್ತದೆ. ಈ ನಡುವೆ ಕಣ್ಣಿಗೆ ಕಾಣುವಷ್ಟು ಬೆಳಕು, ಹೊಗೆ, ಜೊತೆಗೆ ಕ್ಷಣದ ತಡ. ಅಷ್ಟು ಸಾಕು, ಹಕ್ಕಿ ಜಾಗ ಖಾಲಿ ಮಾಡುತ್ತಿತ್ತು. ಮಳೆ ಬಂದರೆ ಬಾಣಲೆಯ ಮದ್ದು ಒದ್ದೆ, ಕೋವಿ ಬರೀ ದೊಣ್ಣೆ.

ಏಟಿಗೆ ಸಿಡಿಯುವ ರಾಸಾಯನಿಕಗಳು ಅಷ್ಟರಲ್ಲಿ ತಿಳಿದಿದ್ದವು. ಪಾದರಸದ ಫಲ್ಮಿನೇಟ್ ಬಗ್ಗೆ ಎಡ್ವರ್ಡ್ ಹೊವಾರ್ಡ್ 1800ರಲ್ಲೇ ಬರೆದಿದ್ದರು. ಆದರೆ ಅವನ್ನು ಮದ್ದಿನ ಬದಲು ತುಂಬಲು ಹೋದರೆ ಕೋವಿಯೇ ಒಡೆಯುವ ಅಪಾಯ. ಫೋರ್ಸೈತ್ ಅವರ ಜಾಣತನ ಇಲ್ಲಿದೆ. ಅವರು ಮದ್ದನ್ನು ಹಾಗೆಯೇ ಬಿಟ್ಟು, ಕಿಡಿಯ ಜಾಗಕ್ಕೆ ಮಾತ್ರ ಈ ಪುಡಿಯನ್ನು ಕೆಲವೇ ಕಾಳಿನಷ್ಟು ಇಟ್ಟರು. 1805ರ ಹೊತ್ತಿಗೆ ಅವರ ಕೋವಿ ಕೆಲಸ ಮಾಡುತ್ತಿತ್ತು. ಪುಡಿ ತುಂಬಿಡುವ ಭಾಗ ಅತ್ತರಿನ ಸೀಸೆಯ ಆಕಾರದಲ್ಲಿದ್ದುದರಿಂದ ಅದಕ್ಕೆ ಅದೇ ಹೆಸರು ಉಳಿಯಿತು. ಸೀಸೆಯನ್ನು ಒಮ್ಮೆ ತಿರುಗಿಸಿದರೆ ಒಂದು ಚಿಟಿಕೆ ಪುಡಿ ಬೀಳುತ್ತಿತ್ತು.

ಲಂಡನ್ ಕೋಟೆಯ ಒಂದು ವರ್ಷ

1806ರಲ್ಲಿ ಅದನ್ನು ಹೊತ್ತುಕೊಂಡು ಅವರು ಲಂಡನ್ನಿಗೆ ಹೋದರು. ನೆಪೋಲಿಯನ್ ಜೊತೆ ಯುದ್ಧ ನಡೆಯುತ್ತಿದ್ದ ಕಾಲ. ಸೈನ್ಯದ ಶಸ್ತ್ರಾಸ್ತ್ರ ಇಲಾಖೆಯ ಮುಖ್ಯಸ್ಥ ಲಾರ್ಡ್ ಮೊಯ್ರಾ ಅವರಿಗೆ ಟವರ್ ಆಫ್ ಲಂಡನ್ ಕೋಟೆಯಲ್ಲೇ ಕೆಲಸದ ಜಾಗ ಕೊಟ್ಟರು. ಈ ಮೊಯ್ರಾ ನಮಗೆ ಅಪರಿಚಿತರಲ್ಲ. ಶಾಲೆಯ ಇತಿಹಾಸ ಪುಸ್ತಕದಲ್ಲಿ 1813ರಿಂದ ಗವರ್ನರ್ ಜನರಲ್ ಆಗಿ ಬರುವ, ಪೇಶ್ವೆಗಳ ಆಳ್ವಿಕೆ ಮುಗಿಸಿದ ಲಾರ್ಡ್ ಹೇಸ್ಟಿಂಗ್ಸ್ ಇವರೇ.

1807ರಲ್ಲಿ ಅಧಿಕಾರ ಬದಲಾಯಿತು. ಮೊಯ್ರಾ ಜಾಗಕ್ಕೆ ಬಂದ ಲಾರ್ಡ್ ಚಾಥಮ್‌ಗೆ ಈ ಪ್ರಯೋಗಗಳು ಬೇಕಿರಲಿಲ್ಲ. ಪಾದ್ರಿ ತಮ್ಮ ಸಾಮಾನು ಎತ್ತಿಕೊಂಡು ಹೊರಡಬೇಕಾಯಿತು. ಸರ್ಕಾರಿ ಕಚೇರಿಯಲ್ಲಿ ಸಾಹೇಬರು ಬದಲಾದಾಗ ಕಡತಕ್ಕೆ ಏನಾಗುತ್ತದೆ ಎಂಬುದನ್ನು ನಮ್ಮ ಓದುಗರಿಗೆ ವಿವರಿಸಬೇಕಿಲ್ಲ.

ಈ ಹಂತದಲ್ಲೇ ನೆಪೋಲಿಯನ್ 20,000 ಪೌಂಡ್ ಕೊಡುವುದಾಗಿ ಹೇಳಿ ಕಳಿಸಿದ, ದೇಶಭಕ್ತ ಪಾದ್ರಿ ಒಲ್ಲೆ ಎಂದರು ಎಂಬ ಕಥೆಯೂ ಓಡಾಡುತ್ತದೆ. ಕೇಳಲು ಚೆನ್ನಾಗಿದೆ. ಹೇಳಿಕೆಯೆಂದೇ ಓದಿ, ಇತಿಹಾಸವೆಂದು ಮುಂದೆ ಕಳಿಸಬೇಡಿ.

ಖಚಿತವಾಗಿ ನಡೆದದ್ದು ಇದು: ಉಗಿಯಂತ್ರದ ಜೇಮ್ಸ್ ವ್ಯಾಟ್ ಸಲಹೆ ಪಡೆದು ಅವರು 1807ರ ಏಪ್ರಿಲ್‌ನಲ್ಲಿ ಪೇಟೆಂಟ್ ಮಾಡಿಸಿದರು. ಆ ಪೇಟೆಂಟ್ ಒಂದು ಯಂತ್ರಕ್ಕಷ್ಟೇ ಅಲ್ಲ, ಏಟಿನಿಂದ ಮದ್ದಿಗೆ ಬೆಂಕಿ ಕೊಡುವ ಉಪಾಯಕ್ಕೇ ಬೇಲಿ ಹಾಕಿತ್ತು. ಲಂಡನ್ನಿನ ಪಿಕಡಿಲಿಯಲ್ಲಿ ಅಂಗಡಿ ತೆರೆಯಿತು. ಹೆಸರಾಂತ ಬಂದೂಕು ತಯಾರಕ ಜೋಸೆಫ್ ಮ್ಯಾಂಟನ್ ಅದೇ ಉಪಾಯ ಬಳಸಿದಾಗ ವಿಷಯ ನ್ಯಾಯಾಲಯಕ್ಕೆ ಹೋಯಿತು. ಪಾದ್ರಿ ಗೆದ್ದರು.

ಇವತ್ತಿನ ಕೇಪಿನಂಥ ತಾಮ್ರದ ಬಟ್ಟಲು ಮಾಡಿದವರು ಫೋರ್ಸೈತ್ ಅಲ್ಲ. ಅದು ತನ್ನದೆಂದು ಹೇಳಿದವರು ಹಲವರು. ಅವರಲ್ಲಿ ಜೋಶುವಾ ಶಾ ಎಂಬ ಚಿತ್ರಕಾರ 1822ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ಆ ಕೇಪು ಕೋವಿಯ ಹೊರಗೆ, ಒಂದು ಮೊಳೆಯಂಥ ತುದಿಗೆ ಬೆರಳಿನಿಂದ ಸಿಕ್ಕಿಸುವಂಥದ್ದು. ನಮ್ಮ ಮಲೆನಾಡಿನ ಕೇಪಿನ ಕೋವಿ ಈ ವಂಶದ್ದೇ. ಕೇಪು ಕಾರ್ತೂಸಿನ ಒಡಲಿಗೆ ಸೇರುವ ಎರಡು ಮುಖ್ಯ ವಿಧಾನಗಳು, ಬಾಕ್ಸರ್ ಮತ್ತು ಬರ್ಡನ್ ಅವರವು, ಬಂದದ್ದು 1866ರಲ್ಲಿ. 1857ರ ಎನ್‌ಫೀಲ್ಡ್ ಬಂದೂಕಿನಲ್ಲೂ ಕೇಪು ಬೇರೆ, ತೋಟಾ ಬೇರೆ. ಕೊಬ್ಬಿನ ವಿವಾದ ಹಲ್ಲಿನಿಂದ ಕಚ್ಚಬೇಕಾದ ಕಾಗದದ ತೋಟಾಕ್ಕೆ ಸೇರಿದ್ದು, ಕೇಪಿಗಲ್ಲ.

ಬೇಟೆಗಾರರೆಲ್ಲ ಬದಲಾದರೂ ಸೈನ್ಯ ಕಾದು ಕೂತಿತ್ತು. 1834ರಲ್ಲಿ ಕೊನೆಗೂ ವುಲಿಚ್‌ನಲ್ಲಿ ಪರೀಕ್ಷೆ ನಡೆಯಿತು. ಎರಡೂ ಬಗೆಯ ಬಂದೂಕಿನಿಂದ ತಲಾ 6,000 ಸಲ ಹೊಡೆದರು. ಚಕಮಕಿ 922 ಸಲ ಠುಸ್ ಎಂದಿತು, ಕೇಪು 36 ಸಲ.

ಆದರೂ 1841ರ ಮೇ ತಿಂಗಳಲ್ಲಿ, ಅಫೀಮು ಯುದ್ಧದಲ್ಲಿ, 37ನೇ ಮದ್ರಾಸ್ ಪದಾತಿ ದಳದ ಸಿಪಾಯಿಗಳ ಕೈಯಲ್ಲಿದ್ದದ್ದು ಚಕಮಕಿಯೇ. ಚೀನಾದ ಕ್ಯಾಂಟನ್ ಹತ್ತಿರ ಗುಡುಗು ಮಳೆಯಲ್ಲಿ ಒಂದು ತುಕಡಿ ದಾರಿ ತಪ್ಪಿ, ಸಾವಿರಾರು ಹಳ್ಳಿಗರ ನಡುವೆ ಸಿಕ್ಕಿಕೊಂಡಿತು. ಒದ್ದೆಯಾದ ಬಂದೂಕು ಹೊತ್ತಲಿಲ್ಲ. ಕೇಪಿನ ಬಂದೂಕು ಹಿಡಿದ ನೌಕಾಪಡೆಯ ಸೈನಿಕರು ಹೋಗಿ ಅವರನ್ನು ಬಿಡಿಸಿ ತಂದರು. ಮೂವತ್ತನಾಲ್ಕು ವರ್ಷ ಹಿಂದೆ ಕೋಟೆಯಿಂದ ಹೊರಗೆ ಹಾಕಿದ ಉಪಾಯ ಅದು.

ಸರ್ಕಾರ ಫೋರ್ಸೈತ್ ಅವರಿಗೆ 200 ಪೌಂಡ್ ಕೊಟ್ಟದ್ದು 1842ರಲ್ಲಿ. 1843ರ ಜೂನ್ 11ರಂದು ಅವರು ಬೆಲ್‌ಹೆಲ್ವಿಯಲ್ಲಿ ತೀರಿಕೊಂಡರು. ಇನ್ನೂ 1,000 ಪೌಂಡ್ ಮಂಜೂರಾಯಿತು, ಆದರೆ ಅವರು ಸತ್ತ ಮೇಲೆ. ಅದನ್ನು ಸಂಬಂಧಿಕರು ಹಂಚಿಕೊಂಡರು. ಟವರ್ ಆಫ್ ಲಂಡನ್‌ನಲ್ಲಿ ಈಗ ಅವರ ಹೆಸರಿನ ಫಲಕವಿದೆ.