ಉಪಾಧ್ಯಾಯ ಕುವೆಂಪು

ತೀರ್ಥಹಳ್ಳಿಯಿಂದ ಕೊಪ್ಪದ ಕಡೆಗೆ ಹೊರಟ ಪ್ರವಾಸಿಗರು ಕುಪ್ಪಳ್ಳಿಯಲ್ಲಿಳಿದು ಕವಿಯ ಹಳೆಯ ಮನೆಯನ್ನು ನೋಡುತ್ತಾರೆ. ಗುಡ್ಡವನ್ನೇರಿ ಕವಿಶೈಲದಲ್ಲಿ ಸಮಾಧಿಗೆ ಕೈಮುಗಿಯುತ್ತಾರೆ. ಅಲ್ಲಿ ಮಲಗಿರುವ ಮಹನೀಯರು 1929ರಿಂದ 1960ರವರೆಗೆ, ಮೂವತ್ತೊಂದು ವರ್ಷಗಳ ಕಾಲ, ವಿಶ್ವವಿದ್ಯಾನಿಲಯದ ಸೇವೆಯಲ್ಲಿದ್ದವರೆಂಬುದು ಎಷ್ಟು ಮಂದಿಯ ನೆನಪಿಗೆ ಬರುತ್ತದೋ ತಿಳಿಯದು. ಕವಿಯನ್ನು ಕುರಿತು ಬರೆದವರು ಅನೇಕರುಂಟು. ನಾವಿಂದು ಆ ಉಪಾಧ್ಯಾಯರನ್ನು ಕುರಿತು ಎರಡು ಮಾತುಗಳನ್ನಾಡಬಯಸುತ್ತೇವೆ.

ಕುಪ್ಪಳ್ಳಿ ವೆಂಕಟಪ್ಪಗೌಡ ಪುಟ್ಟಪ್ಪನವರು 1904ನೆಯ ಇಸವಿ ಡಿಸೆಂಬರು 29ರಂದು ತಾಯಿಯ ತವರಾದ ಹಿರೇಕೊಡಿಗೆಯಲ್ಲಿ ಜನಿಸಿದರು. ಬೆಳೆದದ್ದು ಕುಪ್ಪಳ್ಳಿಯ ಒಕ್ಕಲಿಗ ಮನೆತನದಲ್ಲಿ. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡರು. ತೀರ್ಥಹಳ್ಳಿಯ ಶಾಲೆಯನ್ನು ಮುಗಿಸಿ ಮೈಸೂರಿಗೆ ಬಂದು, ವೆಸ್ಲಿಯನ್ ಹೈಸ್ಕೂಲಿನಲ್ಲಿಯೂ ಮಹಾರಾಜಾ ಕಾಲೇಜಿನಲ್ಲಿಯೂ ಓದಿದರು. ಮೊದಲು ಇಂಗ್ಲಿಷಿನಲ್ಲಿ ಪದ್ಯ ಬರೆಯುತ್ತಿದ್ದ ತರುಣನು ಐರಿಷ್ ಕವಿ ಕಸಿನ್ಸರ ಸಲಹೆಯಿಂದ ಕನ್ನಡಕ್ಕೆ ತಿರುಗಿದ ವೃತ್ತಾಂತವು ವಾಚಕರಿಗೆ ತಿಳಿದುದೇ ಆಗಿದೆ.

ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯುಂಟು. ಆ ಕಾಲೇಜಿನಲ್ಲಿ ಟಿ.ಎಸ್. ವೆಂಕಣ್ಣಯ್ಯನವರೆಂಬ ಗುರುಗಳಿದ್ದರು. ತಾವು ಬರೆದದ್ದು ಸ್ವಲ್ಪವಾದರೂ ಬರೆಯಬಲ್ಲವರನ್ನು ಗುರುತಿಸಿ ಬೆಳೆಸಿದ ಪುಣ್ಯಾತ್ಮರು ಅವರು. ಇಂದಿದ್ದು ನಾಳೆ ಇಲ್ಲವಾಗುವ ಉಪಾಧ್ಯಾಯರಿಗೆ ಶಿಷ್ಯನೊಬ್ಬನನ್ನು ಹೀಗೆ ವರ್ಷಗಟ್ಟಲೆ ಕೈಹಿಡಿದು ನಡೆಸುವುದು ಸಾಧ್ಯವಾಗುತ್ತಿತ್ತೆ? ಗುರುಗಳು 1939ರಲ್ಲಿ ತೀರಿಕೊಂಡರು. ಶಿಷ್ಯನು ಮುಂದೆ ತನ್ನ ಮಹಾಕಾವ್ಯವನ್ನು ಅವರಿಗೇ ಅರ್ಪಿಸಿದನು.

1929ರಲ್ಲಿ ಎಂ.ಎ. ಮುಗಿಯಿತು, ಅದೇ ವರ್ಷ ಮಹಾರಾಜಾ ಕಾಲೇಜಿನಲ್ಲಿಯೇ ಪುಟ್ಟಪ್ಪನವರು ಕನ್ನಡ ಅಧ್ಯಾಪಕರಾದರು. ರಾಮಕೃಷ್ಣಾಶ್ರಮದಲ್ಲಿ ವಾಸ, ಕಾಲೇಜಿನಲ್ಲಿ ಪಾಠ, ಉಳಿದ ಹೊತ್ತು ಬರವಣಿಗೆ. 1936ರಲ್ಲಿ ಕಾನೂರು ಹೆಗ್ಗಡಿತಿ ಹೊರಬಂದಿತು. 1937ರಲ್ಲಿ ಹೇಮಾವತಿಯವರೊಡನೆ ವಿವಾಹವಾಗಿ ಸಂಸಾರ ಹೂಡಿದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಕೆಲವು ವರ್ಷ ಕಳೆದು, 1946ರಲ್ಲಿ ಮಹಾರಾಜಾ ಕಾಲೇಜಿಗೆ ಪ್ರಾಧ್ಯಾಪಕರಾಗಿ ಮರಳಿದರು. ಶ್ರೀ ರಾಮಾಯಣ ದರ್ಶನಂ ಅನೇಕ ವರ್ಷಗಳ ತಪಸ್ಸಿನ ಫಲ. ತಪಸ್ಸೆಂದು ಹೇಳಿ ಸುಮ್ಮನಾಗುವುದು ನಮ್ಮ ಜನಕ್ಕೆ ಅಭ್ಯಾಸವಾಗಿದೆ. ಆದರೆ ಆ ವರ್ಷಗಳಲ್ಲಿ ತಿಂಗಳು ತಿಂಗಳೂ ಸಂಬಳ ಬರುತ್ತಿತ್ತು, ಬೇಸಿಗೆಯ ರಜೆಯಲ್ಲಿಯೂ ನಿಲ್ಲುತ್ತಿರಲಿಲ್ಲ, ಮಕ್ಕಳ ಅನ್ನಕ್ಕೆ ಕೊರತೆಯಿರಲಿಲ್ಲವೆಂಬುದನ್ನೂ ಹೇಳಬೇಕಲ್ಲವೆ? ಕವಿಯ ಪ್ರತಿಭೆಗೆ ಇದರಿಂದ ಕುಂದೇನೂ ಬಾರದು.

1955ರಲ್ಲಿ ಪ್ರಿನ್ಸಿಪಾಲರಾದರು, 1956ರಲ್ಲಿ ಕುಲಪತಿಗಳಾದರು. ಮೈಸೂರು ವಿಶ್ವವಿದ್ಯಾನಿಲಯದ ಪದವೀಧರನೊಬ್ಬನು ಆ ಪೀಠವನ್ನೇರಿದ್ದು ಅದೇ ಮೊದಲು. ಮಾನಸಗಂಗೋತ್ರಿಯನ್ನು ಕಟ್ಟಿ, ಕನ್ನಡ ಮಾಧ್ಯಮಕ್ಕಾಗಿ ಹೋರಾಡಿ, 1960ರಲ್ಲಿ ನಿವೃತ್ತರಾದರು. ಮಲೆಗಳಲ್ಲಿ ಮದುಮಗಳು ಪ್ರಕಟವಾದದ್ದು 1967ರಲ್ಲಿ, ಅಂದರೆ ವಿಶ್ರಾಂತಿಯ ಕಾಲದಲ್ಲಿ. ಜ್ಞಾನಪೀಠ ಪ್ರಶಸ್ತಿಯೂ ಅದೇ ವರ್ಷದ್ದು. 1994ರ ನವೆಂಬರು 11ರಂದು ಕಾಲವಾದರು.

ಅವರ ಹೆಸರಿನ ವಿಶ್ವವಿದ್ಯಾನಿಲಯವು 1987ರಲ್ಲಿ ಅವರದೇ ಜಿಲ್ಲೆಯ ಶಂಕರಘಟ್ಟದಲ್ಲಿ ಸ್ಥಾಪಿತವಾಯಿತು. ರಾಜ್ಯದ ಇತರ ವಿಶ್ವವಿದ್ಯಾನಿಲಯಗಳಂತೆ ಅಲ್ಲಿಯೂ ಪಾಠದ ಬಹುಭಾರವನ್ನು ಹೊತ್ತವರು ಅತಿಥಿ ಉಪನ್ಯಾಸಕರು. ಅತಿಥಿಯೆಂಬ ಮಾತನ್ನು ಯಾವ ಪುಣ್ಯಾತ್ಮನು ಹುಡುಕಿದನೋ! ನಮ್ಮ ಮಲೆನಾಡಿನಲ್ಲಿ ಅತಿಥಿಗೆ ಮೊದಲ ಮಣೆ. ಇಲ್ಲಿ ಅವನಿಗೆ ವರ್ಷಾಂತ್ಯದಲ್ಲಿ ಬಾಗಿಲು. ಸರ್ಕಾರಿ ಪ್ರಥಮದರ್ಜೆ ಕಾಲೇಜುಗಳಲ್ಲಿಯೂ ಇದೇ ಕಥೆ. ನೇಮಕವು ವರ್ಷಕ್ಕೊಮ್ಮೆ ಮುಗಿಯುತ್ತದೆ, ರಜೆಯಲ್ಲಿ ಗೌರವಧನವಿಲ್ಲ, ಹತ್ತು ಹದಿನೈದು ವರ್ಷ ದುಡಿದವನೂ ಮತ್ತೆ ಅರ್ಜಿ ಹಿಡಿದು ನಿಲ್ಲಬೇಕು. ನಿವೃತ್ತಿವೇತನದ ಮಾತೇ ಇಲ್ಲ.

ಇವರನ್ನು ಖಾಯಂಗೊಳಿಸಲು ಕಾನೂನು ಅಡ್ಡಿಯೆಂದು ಸರ್ಕಾರಗಳು ಹೇಳುತ್ತ ಬಂದಿವೆ. 2006ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟು ನಮ್ಮ ರಾಜ್ಯದಿಂದಲೇ ಹೋದ ಉಮಾದೇವಿ ಪ್ರಕರಣದಲ್ಲಿ, ಕ್ರಮಬದ್ಧ ನೇಮಕಾತಿಯಿಲ್ಲದೆ ಬಂದವರಿಗೆ ಖಾಯಮಾತಿಯ ಹಕ್ಕಿಲ್ಲವೆಂದು ತೀರ್ಪಿತ್ತುದು ನಿಜ. ಆದರೆ ತಾತ್ಕಾಲಿಕರಿಂದ ಕೆಲಸ ನಡೆಸುತ್ತಿರುವ ಮಂಜೂರಾದ ಹುದ್ದೆಗಳನ್ನು ಕ್ರಮವಾಗಿ ಭರ್ತಿಮಾಡಬೇಕೆಂಬ ಆಜ್ಞೆಯೂ ಅದೇ ತೀರ್ಪಿನಲ್ಲುಂಟು. ಮೊದಲರ್ಧವನ್ನು ಕಂಠಪಾಠ ಮಾಡಿದ ಅಧಿಕಾರಿಗಳಿಗೆ ಉತ್ತರಾರ್ಧವು ಮರೆತುಹೋದುದು ಹೇಗೆ? ಖಾಲಿ ಹುದ್ದೆಗಳನ್ನು ತುಂಬಿರಿ. ತುಂಬುವವರೆಗೆ ಹನ್ನೆರಡು ತಿಂಗಳ ವೇತನವನ್ನು ಕೊಡಿರಿ. ನೇಮಕದಲ್ಲಿ ಹಿಂದಿನ ಸೇವೆಗೆ ಬೆಲೆ ಕಟ್ಟಿರಿ. ಇದರಲ್ಲಿ ಅಸಾಧ್ಯವಾದದ್ದೇನನ್ನೂ ನಾವು ಕಾಣೆವು.

2021ರ ಕೊನೆಯಲ್ಲಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರು ತರಗತಿಗಳನ್ನು ಬಹಿಷ್ಕರಿಸಿದಾಗ ಅವರ ಸಂಖ್ಯೆ 14 ಸಾವಿರವನ್ನು ಮೀರಿತ್ತು. ಅರ್ಹತೆಯುಳ್ಳವರಿಗೆ ತಿಂಗಳಿಗೆ 13 ಸಾವಿರ, ಉಳಿದವರಿಗೆ 11 ಸಾವಿರ ರೂಪಾಯಿ ಸಿಗುತ್ತಿತ್ತು. 2022ರ ಜನವರಿಯಲ್ಲಿ ಅದನ್ನು 26 ಸಾವಿರದಿಂದ 32 ಸಾವಿರದವರೆಗೆ ಏರಿಸಲಾಯಿತು. ಪತ್ರಿಕೆಗಳು ಸರ್ಕಾರವನ್ನು ಹೊಗಳಿದವು. ಆದರೆ ಅದೇ ಆದೇಶದಲ್ಲಿ ವಾರದ ಪಾಠದ ಅವಧಿಯನ್ನು ಎಂಟು ಹತ್ತು ಗಂಟೆಗಳಿಂದ ಹದಿನೈದಕ್ಕೆ ಹೆಚ್ಚಿಸಲಾಗಿತ್ತು. ಇದ್ದ ಪಾಠಗಳಿಗೆ ಕಡಿಮೆ ಜನ ಸಾಕಾದರು. ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. ಉಳಿದವರು 2023ರ ನವೆಂಬರಿನಲ್ಲಿ ಪುನಃ ತರಗತಿ ಬಿಟ್ಟು ಹೊರಬಂದು, 2024ರ ಜನವರಿಯ ಚಳಿಯಲ್ಲಿ ತುಮಕೂರಿನಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೊರಟರು. ಗೌರವಧನವು ಇನ್ನಷ್ಟು ಏರಿತು. ಖಾಯಮಾತಿ ಮಾತ್ರ ದೊರೆಯಲಿಲ್ಲ.